ಹಿತ್ತಿಲ ಗೇಟು

ಮಾವ ಇವತ್ತು ಟವೆಲ್ಲನ್ನು ತಂತಿಯ ಈ ತುದಿ ಬಿಟ್ಟು ಆ ತುದಿಗೆ ಯಾಕೆ ಒಣಹಾಕಿದರು ಎನ್ನುವುದು ಅವಳಿಗೆ ಬೆಳಗಿನಿಂದ ಬಗೆಹರಿದಿರಲಿಲ್ಲ. ದಿನವೂ ಸ್ನಾನ ಮುಗಿಸಿ ತಾರಸಿಗೆ ಹೋಗಿ, ಮೆಟ್ಟಿಲ ಪಕ್ಕದಲ್ಲೇ ಅದನ್ನು ಕೊಡವಿ ಹರಡಿ ಬರುವ ಮನುಷ್ಯ. ಇವತ್ತು ಅಷ್ಟುದ್ದ ನಡೆದುಹೋಗಿ ಕಡಲ ಕಡೆಯ ತುದಿಯಲ್ಲಿ, ಗಾಳಿಗೆ ಪಟಪಟ ಬಡಿಯುವ ಹಾಗೆ, ಒಂದೇ ಕ್ಲಿಪ್ಪು ಸಿಕ್ಕಿಸಿ ಬಿಟ್ಟಿದ್ದಾರೆ. ಹೊಲಿಗೆ ಯಂತ್ರದ ಮುಂದೆ ಕೂತರೆ ಕಿಟಕಿಯ ಮೇಲ್ಮೂಲೆಯಲ್ಲಿ ಅದರ ಕೆಂಪು ಅಂಚು ಒಮ್ಮೆ ಕಾಣುತ್ತದೆ, ಒಮ್ಮೆ ಇಲ್ಲ. ಕೆಳಗೆ ನೀರಿನಲ್ಲಿದ್ದವರಿಗಾದರೆ ಪೂರ್ತಿ ಕಾಣುತ್ತದೆ. ಅಲ್ಲಿ ಬಿಸಿಲು ಬೇಗ ಬರುತ್ತದೆ ಎನ್ನಬಹುದು, ಕೇಳಿದರೆ. ಆದರೆ ಕೇಳುವುದು ಹೇಗೆ? ಗೇಟಿಗೆ ಬೀಗ ಬಿದ್ದ ದಿನದಿಂದ ಮಾವ ಅವಳೊಂದಿಗೆ ಮಾತು ಬಿಟ್ಟಿದ್ದರು. ಪೂರ್ತಿ ಬಿಟ್ಟಿದ್ದರೆ ಎಷ್ಟೋ ವಾಸಿಯಿತ್ತು. ಈಗ ಎಲ್ಲ ಮಾತೂ ಮೊಮ್ಮಗಳ ಮೇಲೆ ಸುತ್ತು ಹೊಡೆದು ಬರುತ್ತಿತ್ತು. 'ಪುಟ್ಟಿ, ನಿಮ್ಮಮ್ಮನಿಗೆ ಹೇಳು, ಉಪ್ಪು ಕಮ್ಮಿಯಾಗಿದೆ.' ಅವಳು ಅದೇ ಮೇಜಿನ ಆ ಬದಿಯಲ್ಲಿ ಕೂತು ಹೇಳುವಳು: 'ಪುಟ್ಟಿ, ತಾತನಿಗೆ ಹೇಳು, ಉಪ್ಪಿನ ಡಬ್ಬಿ ಅವರ ಮೊಣಕೈ ಹತ್ರಾನೇ ಇದೆ.' ನಾಲ್ಕು ವರ್ಷದ ಪುಟ್ಟಿ ಎರಡೂ ಕಡೆಗೆ ಗಂಭೀರವಾಗಿ ತಿರುಗಿ ತಿರುಗಿ ಮಾತು ಮುಟ್ಟಿಸುತ್ತಿದ್ದಳು. ಅವಳ ಪಾಲಿಗೆ ದೊಡ್ಡವರು ಮಾತಾಡುವ ರೀತಿಯೇ ಇದಾಗಿತ್ತು. ಒಂದು ದಿನ ಅಂಗಡಿಯಲ್ಲಿ, ತೂಕ ಹಾಕುವವನು 'ಇನ್ನೇನು ಬೇಕಮ್ಮ' ಎಂದು ಕೇಳಿದಾಗ ಅವಳು ತಾಯಿಯ ಕಡೆ ತಿರುಗಿ, 'ಅಮ್ಮ, ಇನ್ನೇನು ಬೇಕು ಅಂತ ಕೇಳ್ತಿದ್ದಾರೆ' ಎಂದು ಹೇಳಿದ್ದಳು. ಅಂಗಡಿಯವನು ನಕ್ಕ. ಅವನು ನಕ್ಕಿದ್ದು ಮಗುವಿನ ಮಾತಿಗೋ, ಮನೆಯ ವಿಷಯ ಅವನಿಗೂ ಗೊತ್ತಾಗಿಯೋ ಎಂದು ಅವಳು ದಾರಿಯುದ್ದಕ್ಕೂ ಲೆಕ್ಕ ಹಾಕುತ್ತ ಬಂದಳು.

ಓಣಿಯ ಕೊನೆಯ ಮನೆ ಅವರದು. ಮನೆಯ ಹಿಂದೆ ಒಂದು ಮಾರು ಹಿತ್ತಿಲು, ಬಟ್ಟೆ ಒಗೆಯುವ ಕಲ್ಲು, ನಲ್ಲಿ, ಅದರಾಚೆ ಗೇಟು, ಗೇಟು ದಾಟಿದರೆ ಬಂಡೆಯಲ್ಲೇ ಕಡಿದ ಮೆಟ್ಟಿಲುಗಳು ಸೀದಾ ಒಂದು ಪುಟ್ಟ ಕೊಲ್ಲಿಗೆ ಇಳಿಯುತ್ತಿದ್ದವು. ಎರಡೂ ಕಡೆ ಬಂಡೆಗಳು ಮೊಣಕೈ ಮಡಿಸಿಕೊಂಡು ಕೂತ ಹಾಗೆ ಕೊಲ್ಲಿಯನ್ನು ಸುತ್ತುವರಿದಿದ್ದವು. ಮೆಟ್ಟಿಲು ಬಿಟ್ಟರೆ ಅಲ್ಲಿಗೆ ಬರಲು ಇನ್ನೊಂದೇ ದಾರಿ: ಕೋಡುಬಂಡೆಯಾಚೆಯ ಮರಳಿನ ದಂಡೆಯಿಂದ ಕಯಾಕ್ ಎಂಬ ಕಿರುದೋಣಿ ಇಳಿಸಿ, ಹುಟ್ಟು ಹಾಕುತ್ತ ಬಳಸಿ ಬರುವುದು. ಅವಳು ಸೊಸೆಯಾಗಿ ಬಂದಾಗಿನಿಂದಲೂ ನೀರಿನಡಿಗೆ ಮುಳುಗಿ ನೋಡುವ ಶೋಕಿಯವರು ಬೆನ್ನಿಗೆ ಸಿಲಿಂಡರು ಹೊತ್ತು, ಮೈಗೆ ಕರಿ ರಬ್ಬರಿನ ಉಡುಪು ಬಿಗಿದು, ಕಾಲಿನ ರೆಕ್ಕೆಗಳನ್ನು ಕಂಕುಳಲ್ಲಿ ಇರುಕಿಕೊಂಡು ಅವಳ ಅಡುಗೆಮನೆಯ ಕಿಟಕಿಯ ಕೆಳಗೇ ಹಾದುಹೋಗುತ್ತಿದ್ದರು. ಮಾವ ಅವರನ್ನು ಬಾತುಗಳು ಎನ್ನುತ್ತಿದ್ದರು. ಅವಳು ರಬ್ಬರಿನವರು ಎನ್ನುತ್ತಿದ್ದಳು. ಮಾವನಿಗೆ ಈಜು ಬರುವುದಿಲ್ಲ, ಪಂಪು ರಿಪೇರಿ ಮಾಡಿಕೊಂಡೇ ಆಯುಸ್ಸು ಕಳೆದವರು. ಆದರೂ ಬೆಳಗ್ಗೆ ಗೇಟಿನ ಹತ್ತಿರ ಮದುವೆ ಮನೆಯ ಯಜಮಾನನ ಹಾಗೆ ನಿಂತು, 'ಇವತ್ತು ನೀರು ಗಾಜು ಕಣ್ರಪ್ಪ, ಇಳೀರಿ ಇಳೀರಿ' ಎಂದು ಬರಮಾಡಿಕೊಳ್ಳುವರು. ಇಲ್ಲವೇ, 'ಕೆಳಗಡೆ ಎಳೆತ ಇದೆ, ಮನೇಗೆ ಹೋಗಿ ಹೆಂಡ್ತಿಗೆ ಪಾತ್ರೆ ತೊಳೆದುಕೊಡಿ' ಎಂದು ಓಡಿಸುವರು. ಅವರು ಹೇಳಿದ್ದನ್ನು ಆ ಓದಿದವರೆಲ್ಲ ಕೇಳಿಕೊಳ್ಳುತ್ತಿದ್ದರು. ಹಿಂತಿರುಗುವಾಗ ಅವಳ ನಲ್ಲಿಯಲ್ಲೇ ಉಪ್ಪು ತೊಳೆದುಕೊಂಡು, ಅವಳ ಒಗೆಯುವ ಕಲ್ಲಿನ ಮೇಲೆ ಕೂತು, ನೀರಡಿಯಲ್ಲಿ ಕಂಡದ್ದನ್ನು ಬಾಯಿಗಿಂತ ಹೆಚ್ಚು ಕೈಗಳಲ್ಲಿ ಹೇಳಿಕೊಳ್ಳುತ್ತಿದ್ದರು. ಆ ಕೈಗಳ ಮಾತು ಅವಳಿಗೆ ಯಾವತ್ತೂ ಹಿಡಿಸಲಿಲ್ಲ. ಬಾಯಲ್ಲಿ ಆಡಿದ್ದಾದರೆ ಕದ್ದಾದರೂ ಕೇಳಿಸಿಕೊಳ್ಳಬಹುದು.

ಇಷ್ಟಾದರೂ ಸಹಿಸಿಕೊಂಡೇ ಇದ್ದಳು, ಆ ನಗು ಕೇಳಿಸುವ ತನಕ. ಒಂದು ಬೆಳಗ್ಗೆ ತಲೆಗೆ ಬಣ್ಣ ಹಚ್ಚಿಕೊಂಡು, ಹೆಗಲ ಮೇಲೆ ಗಂಡನ ತೂತುಬಿದ್ದ ಬನಿಯನ್ನು ಹರಡಿಕೊಂಡು, ಸೀದ ಹಾಲಿನ ಪಾತ್ರೆ ಕೆರೆಯುತ್ತ ಅವಳು ಹಾಡಿಕೊಳ್ಳುತ್ತಿದ್ದಳು. ಪಾತ್ರೆ ಕೆರೆಯುವ ಸದ್ದಿನಲ್ಲಿ ತನ್ನ ದನಿ ಎಷ್ಟು ದೊಡ್ಡದಾಗಿದೆ ಎನ್ನುವುದು ಅವಳಿಗೆ ತಿಳಿದಿರಲಿಲ್ಲ. ಕಿಟಕಿಯ ಕೆಳಗೆ ಹಾದುಹೋಗುತ್ತಿದ್ದವರಲ್ಲಿ ಒಬ್ಬ ತಗ್ಗಿದ ದನಿಯಲ್ಲಿ ಏನೋ ಅಂದ. ಉಳಿದವರು ಗೊಳ್ಳೆಂದು ನಕ್ಕರು. ಅಷ್ಟೇ. ಏನಂದ ಎಂದು ಕೇಳಿಸಲಿಲ್ಲ. ಮೀನಿನ ಬಗ್ಗೆ ಅಂದಿರಬಹುದು, ಯಾರದೋ ಜಾರಿದ ಕಾಲಿನ ಬಗ್ಗೆ ಅಂದಿರಬಹುದು. ಅವಳು ಹಾಡು ನಿಲ್ಲಿಸಿದಳು. ಆಮೇಲೆ ಆ ಕಿಟಕಿಯಲ್ಲಿ ಹಾಡಲಿಲ್ಲ. ಮರುದಿನವೇ ಪೇಟೆಗೆ ಹೋಗಿ ಅಂಗೈಯಗಲದ ಬೀಗ ತಂದಳು. 'ಮಗು ಹಿಂದಿನಿಂದ ಇಳಿದುಹೋದರೆ ಏನು ಗತಿ' ಎಂದು ಎಲ್ಲರಿಗೂ ಹೇಳಿದಳು. ಅದು ಸುಳ್ಳೂ ಅಲ್ಲ. ಹೆತ್ತವಳ ಭಯಕ್ಕೆ ಎದುರು ಮಾತಾಡುವ ಧೈರ್ಯ ಯಾರಿಗಿದೆ? ಐಸ್ ಕಾರ್ಖಾನೆಯಲ್ಲಿ ಪಾಳಿ ಕೆಲಸದ ಗಂಡ, 'ನೀನು ಹೇಗೆ ಹೇಳ್ತೀಯೋ ಹಾಗೆ' ಎಂದು, ಮೆಟ್ಟಿಲಿನ ಕೊನೆಯಲ್ಲಿ ರಬ್ಬರಿನವರು ಹಿಡಿದು ಇಳಿಯಲು ಹಾಕಿಕೊಂಡಿದ್ದ ಸರಪಳಿಯನ್ನೂ ಕತ್ತರಿಸಿ ತಂದುಕೊಟ್ಟ. 'ನೀನು ಹೇಗೆ ಹೇಳ್ತೀಯೋ ಹಾಗೆ' ಎಂಬ ಆ ಮಾತನ್ನೂ ಅವಳು ರಾತ್ರಿ ತಿರುಗಿಸಿ ಮುರುಗಿಸಿ ನೋಡಿದಳು. ಒಪ್ಪಿದವನು ಹಾಗೆ ಹೇಳುತ್ತಾನೋ, ನಾಳೆ ನೀನೇ ಅನುಭವಿಸು ಎನ್ನುವವನು ಹಾಗೆ ಹೇಳುತ್ತಾನೋ?

ಆಮೇಲೆ ರಬ್ಬರಿನವರ ಸಂಘ ನಗರಸಭೆಗೆ ಅರ್ಜಿ ಹಾಕಿತು: ಜನ ಇಷ್ಟು ಕಾಲ ಓಡಾಡಿದ ದಾರಿ ಜನರದೇ, ಬೀಗ ತೆಗೆಸಬೇಕು. ಸಂಘದ ಮುಖ್ಯಸ್ಥ ಹಲ್ಲಿನ ಡಾಕ್ಟರು. ಅವಳು ಕಂಡ ವಕೀಲರು ಕನ್ನಡಕ ಒರೆಸಿಕೊಳ್ಳುತ್ತ ಹೇಳಿದರು, 'ಸೋಮವಾರದ ವಿಚಾರಣೆ ಮುಗಿಯೋ ತನಕ ಗಟ್ಟಿಯಾಗಿರಿ. ಅವರು ಹಾರಿ ಬರಲಿ, ಮುರಿದು ಬರಲಿ, ಅದು ಅವರ ತಪ್ಪು. ನೀವಾಗಿ ಒಂದೇ ಒಂದು ಸಲ ತೆಗೆದ್ರಿ ಅನ್ಕೊಳ್ಳಿ, ಮುಗೀತು ಕತೆ. ದಾರಿ ಇದೆ ಅಂತ ನೀವೇ ಒಪ್ಪಿದ ಹಾಗೆ. ನಿಮ್ಮ ಹಿತ್ತಿಲು ಬಸ್ ಸ್ಟ್ಯಾಂಡು.' ಅಂದಿನಿಂದ ಅವಳಿಗೆ ಪ್ರತಿಯೊಂದೂ ಆ ಒಂದು ಸಲಕ್ಕಾಗಿ ಒಡ್ಡಿದ ಬಲೆಯಂತೆ ಕಾಣತೊಡಗಿತು. ಚೆಂಡು ಹಿತ್ತಿಲಿಗೆ ಬಿದ್ದಿದೆ ಎಂದು ಬಂದ ಮಕ್ಕಳು, ಮೀಟರು ನೋಡಲು ಬಂದವನು. ಅವಳು ಕೀಲಿಯನ್ನು ಒಂದೇ ಜಾಗದಲ್ಲಿ ಇಡುತ್ತಿರಲಿಲ್ಲ. ಮಾವನ ಕಣ್ಣಿಗೆ ಬೀಳಬಾರದೆಂದು ಗುಂಡಿಗಳ ಡಬ್ಬಿಯಿಂದ ಹಳೆಯ ಚಪ್ಪಲಿಗೆ, ಚಪ್ಪಲಿಯಿಂದ ದಾರದ ಉಂಡೆಯ ಹೊಟ್ಟೆಗೆ, ಬೆಕ್ಕು ಮರಿಗಳನ್ನು ಸಾಗಿಸುವ ಹಾಗೆ ಸಾಗಿಸುತ್ತಲೇ ಇದ್ದಳು.

ಹಳದಿ ಕಯಾಕ್ ಕೋಡುಬಂಡೆಯ ಮೂಗನ್ನು ಸುತ್ತಿ ಬಂದಾಗ ಅವಳು ಹೋಟೆಲೊಂದರ ಪರದೆಗಳಿಗೆ ಅಂಚು ಮಡಿಸಿ ಹೊಲಿಯುತ್ತಿದ್ದಳು. ಸೂರಿನಿಂದ ನೆಲದ ತನಕ ಇಳಿಬೀಳುವ ದಪ್ಪ ಬಟ್ಟೆ, ತೊಡೆಯ ಮೇಲೆ ಹಾಕಿಕೊಂಡರೆ ನಿದ್ದೆ ಹೋದ ಮಗುವಿನಷ್ಟು ಭಾರ. ಕಯಾಕಿನಲ್ಲಿ ಇಬ್ಬರು. ಮುಂದಿನವನ ಬೋಳು ತಲೆ ನೋಡಿಯೇ ಅವಳಿಗೆ ಗೊತ್ತಾಯಿತು, ಹಲ್ಲಿನ ಡಾಕ್ಟರು. ಹೋದ ವರ್ಷ ಅವರೇ ಅವಳ ದವಡೆ ಹಲ್ಲು ಕಿತ್ತವರು. ಬಾಯಿ ತುಂಬ ಹತ್ತಿ ತುರುಕಿ, ಕಣ್ಣಿಗೆ ದೀಪ ಬಿಟ್ಟು, 'ರಾತ್ರಿ ಹಲ್ಲು ಕಡೀತೀರಿ ನೀವು. ಸವೆದುಹೋಗಿವೆ ನೋಡಿ. ಮನಸ್ಸಿನಲ್ಲಿ ಏನಿಟ್ಕೊಂಡಿದ್ದೀರಿ ಅಷ್ಟೊಂದು?' ಎಂದು ಕೇಳಿದ್ದರು. ಉತ್ತರ ಹೇಳಲಾಗದ ಸ್ಥಿತಿಯಲ್ಲಿರುವವರನ್ನು ಪ್ರಶ್ನೆ ಕೇಳುವುದು ಎಂಥ ಬುದ್ಧಿ! ಗಂಡನಿಗೂ ಗೊತ್ತಿರದ ಒಂದು ವಿಷಯ ಆ ಮನುಷ್ಯನಿಗೆ ಗೊತ್ತಿತ್ತು. ಹಿಂದೆ ಕೂತು ಹುಟ್ಟು ಹಾಕುತ್ತಿದ್ದವನು ಬಸ್ಸಿನ ಡ್ರೈವರು. ಪರದೆಗಳ ಗಂಟು ಹೊತ್ತು ಅವಳು ಏದುಸಿರು ಬಿಡುತ್ತ ಓಡಿಬರುವುದು ಕಂಡರೆ ಬಸ್ಸು ನಿಲ್ಲಿಸಿಕೊಂಡು ಕಾಯುತ್ತಿದ್ದ. ಗೇಟಿಗೆ ಬೀಗ ಬಿದ್ದ ಮೇಲೂ ಕಾಯುತ್ತಿದ್ದ, ಅದೇ ಅವಳಿಗೆ ಕಸಿವಿಸಿ. ಬಿಟ್ಟು ಹೋಗಿದ್ದರೆ ಲೆಕ್ಕ ಸರಿಹೋಗುತ್ತಿತ್ತು. ಸೋಮವಾರ ವಿಚಾರಣೆಯಲ್ಲಿ, 'ನಾನು ಇವರಿಗೆ ದಾರಿಯಲ್ಲಿ ಕಾದಿದ್ದೇನೆ, ಇವರು ನನಗೆ ದಾರಿ ಬಿಡುವುದಿಲ್ಲ' ಎಂದು ಹೇಳಲೆಂದೇ ಕಾಯುತ್ತಾನೋ ಏನೋ. ಕೊಲ್ಲಿಯ ನಡುವೆ ಲಂಗರು ಬಿಟ್ಟು ಇಬ್ಬರೂ ಬೆನ್ನ ಹಿಂದಕ್ಕೆ ನೀರಿಗೆ ಉರುಳಿದರು. ಖಾಲಿ ಕಯಾಕ್ ಒಂದೇ ಉಳಿಯಿತು. ಖಾಲಿ ಕಯಾಕನ್ನು ನೋಡುವುದು ಅವಳಿಗೆ ಆಗದು. ಮನೆಯ ಬಾಗಿಲು ತೆರೆದಿಟ್ಟು ಯಾರೋ ಎಲ್ಲಿಗೋ ಹೋದ ಹಾಗೆ.

ಅವರು ಮೊದಲ ಸಲ ಮೇಲೆ ಬಂದಾಗ ಡಾಕ್ಟರು ನಡುನೀರಿನಲ್ಲಿ ಬಲಗೈಯನ್ನು ತಲೆಯ ಮೇಲೆ ಹೊತ್ತುಕೊಂಡರು. ಅವಳ ಕಾಲು ಯಂತ್ರದ ಮೇಲೆ ನಿಂತುಹೋಯಿತು. ತಲೆಯ ಮೇಲೆ ಕೈ ಹೊತ್ತುಕೊಂಡನಲ್ಲ! ಏನೋ ಮುಳುಗಿತು, ಏನೋ ಹೋಯಿತು. ಹಾಗನ್ನಿಸಿದ್ದೇ ಎದೆಯ ಯಾವುದೋ ಮೂಲೆಯಲ್ಲಿ ಬೆಚ್ಚಗಿನ ಒಂದು ಸಮಾಧಾನವೂ ಆಯಿತು, ಆಗಿದ್ದು ಕಂಡು ಅವಳಿಗೇ ಹೇಸಿಗೆಯಾಯಿತು. ತಾರಸಿಯಿಂದ ಪುಟ್ಟಿ ಕೂಗಿದಳು, 'ಅಮ್ಮಾ, ತಾತ ಹೇಳ್ತಾರೆ, ಡಾಕ್ಟರ್ ಮಾಮ ಚೆನ್ನಾಗಿದ್ದಾನಂತೆ!'

'ಚೆನ್ನಾಗಿರೋರು ಯಾರಾದ್ರೂ ತಲೆ ಮೇಲೆ ಕೈ ಹೊತ್ಕೋತಾರಾ ಅಂತ ಕೇಳು.'

ಮೇಲೆ ಗುಸುಗುಸು. ಮೆಟ್ಟಿಲ ಮೇಲೆ ಪುಟ್ಟ ಪಾದಗಳ ಸದ್ದು. ಪುಟ್ಟಿ ಬಾಗಿಲಲ್ಲಿ ನಿಂತು ಒಂದೊಂದೇ ಪದ ಎತ್ತಿಟ್ಟ ಹಾಗೆ ಹೇಳಿದಳು, 'ತಾತ ಹೇಳ್ತಾರೆ, ನೀರಿನೋರಿಗೆ ಎಲ್ಲಾ ಉಲ್ಟಾ ಅಂತೆ. ತಲೆ ಮೇಲೆ ಕೈ ಇಟ್ರೆ ಚೆನ್ನಾಗಿದ್ದೀವಿ ಅಂತ. ಆಮೇಲೆ ಕೈ ಬೀಸಿದ್ರೆ...'

ಅವಳು ಯಂತ್ರ ಓಡಿಸಿದಳು. ಬೇಕೆಂದೇ, ಜೋರಾಗಿ. ಮಗುವಿನ ಮಾತಿನ ಬಾಲ ಆ ಸದ್ದಿನಲ್ಲಿ ತುಂಡಾಗಿ ಬಿತ್ತು. ಮಾವ ಅಲ್ಲಿ ನಿಂತು ಅವರ ಕೈಗಳನ್ನು ಓದುತ್ತಾರೆ, ಅವರು ಕೆಳಗಿನಿಂದ ಮಾವನ ಟವೆಲ್ಲನ್ನು ಓದುತ್ತಾರೆ. ಈ ಮನೆಯಲ್ಲಿ ಓದಲು ಬಾರದವಳು ತಾನೊಬ್ಬಳೇ.

ಸ್ವಲ್ಪ ಹೊತ್ತಿಗೆ ಮಾವ ಕೆಳಗಿಳಿದು ಬಂದರು. ಚಪ್ಪಲಿ ಮೆಟ್ಟಿ, 'ಪುಟ್ಟಿ, ನಿಮ್ಮಮ್ಮನಿಗೆ ಹೇಳು, ಕ್ಷೌರಕ್ಕೆ ಹೋಗಿ ಬರ್ತೀನಿ' ಅಂದರು. ಇವತ್ತೇ? ಅವರ ತಲೆಯಲ್ಲಿ ಕತ್ತರಿಸುವಂಥದ್ದು ಏನಿದೆ? ಮನೆಯಲ್ಲಿ ತಾನು, ಮಗು ಇಬ್ಬರೇ ಉಳಿಯುವ ಹಾಗೆ, ಈ ಇಬ್ಬರು ನೀರಿನಲ್ಲಿರುವಾಗಲೇ, ಅವರಿಗೆ ತಲೆ ನೆನಪಾಯಿತೇ? ಅವಳು ಬಾಗಿಲ ತನಕ ಹೋಗಿ, ಅವರು ಓಣಿಯ ತಿರುವಿನಲ್ಲಿ ಯಾರನ್ನಾದರೂ ಮಾತಾಡಿಸುತ್ತಾರೋ ಎಂದು ನೋಡಿದಳು. ಯಾರನ್ನೂ ಮಾತಾಡಿಸಲಿಲ್ಲ. ನಿಂತು ಬೆಕ್ಕೊಂದರ ತಲೆ ಸವರಿ ಮುಂದೆ ಹೋದರು.

ವಾಪಸು ಬಂದು ಕೂತಾಗ ಗಾಳಿ ದಿಕ್ಕು ಬದಲಿಸಿತ್ತು. ಟವೆಲ್ಲು ಈಗ ಕಡಲಿನ ಕಡೆಗೆ ಬಡಿದುಕೊಳ್ಳುತ್ತಿತ್ತು. ಅವಳು ಅಂಚು ಮಡಿಸಿ ಬೆರಳಿನಿಂದ ತೀಡುತ್ತ ಸುಮ್ಮನೆ ಕತ್ತೆತ್ತಿದಳು: ಕಯಾಕ್ ಇದ್ದ ಜಾಗದಲ್ಲಿ ಇರಲಿಲ್ಲ. ಲಂಗರಿನ ಹಗ್ಗ ಬಿಚ್ಚಿಕೊಂಡು, ಯಾರ ಹಂಗೂ ಇಲ್ಲದೆ, ಅಡ್ಡಡ್ಡವಾಗಿ ತೇಲುತ್ತ ಅದು ಕೊಲ್ಲಿಯ ಬಾಯಿ ದಾಟುತ್ತಿತ್ತು. ಅಲೆಗಳು ಬಂಡೆಯ ಬುಡದಲ್ಲಿ ಬೆಳ್ಳಗೆ ಏಳುತ್ತಿದ್ದವು. ಅವಳು ಹುಡುಕಿ ನೋಡಿದಳು. ಎಡಗಡೆಯ ಬಂಡೆಯ ಕೆಳಗೆ, ಒಂದು ಕೈಯಲ್ಲಿ ಕಲ್ಲಂಚನ್ನೂ ಅದೇ ತೋಳಿನ ಸಂದಿಯಲ್ಲಿ ಇನ್ನೊಂದು ಕರಿ ಮೈಯನ್ನೂ ಹಿಡಿದುಕೊಂಡು ಬಸ್ಸಿನ ಡ್ರೈವರು ನೀರಿನಲ್ಲಿ ಏರಿಳಿಯುತ್ತಿದ್ದ. ಅವನ ಇನ್ನೊಂದು ಕೈ ಮೇಲೆದ್ದು, ಈ ಕಿಟಕಿಯ ಕಡೆಗೇ, ಅತ್ತಿಂದಿತ್ತ ಬೀಸುತ್ತಿತ್ತು.

'ಬಸ್ ಮಾಮ! ಬಸ್ ಮಾಮ ಟಾಟಾ ಮಾಡ್ತಿದ್ದಾನೆ!' ಪುಟ್ಟಿ ಕಿಟಕಿಯ ಕಟ್ಟೆ ಹತ್ತಿ ಎರಡೂ ಕೈ ಬೀಸಿದಳು.

ನೀರಿನೋರಿಗೆ ಎಲ್ಲಾ ಉಲ್ಟಾ. ಮಾತಿನ ಬಾಲ ತುಂಡಾಗಿದ್ದರೇನು, ತಲೆ ಕೇಳಿಸಿತ್ತಲ್ಲ. ಅವಳಿಗೆ ಗೊತ್ತಾಯಿತು. ಗೊತ್ತಾದ ಕೂಡಲೇ, ಹಾಲು ಉಕ್ಕಿದಾಗ ಕೈ ತಾನಾಗಿ ಒಲೆ ಆರಿಸುವ ಹಾಗೆ ಮೈ ಎದ್ದು ನಿಲ್ಲಬೇಕಿತ್ತು. ನಿಲ್ಲಲಿಲ್ಲ. ಎಷ್ಟು ಚೆನ್ನಾಗಿ ಹೊಂದಿಕೊಂಡಿದೆ ನೋಡು ಎಂದಿತು ಒಳಗಿನ ದನಿ. ಸೋಮವಾರಕ್ಕೆ ಇನ್ನು ಎಷ್ಟು ದಿನವಿದೆ? ಗಂಡ ಪಾಳಿಯ ಮೇಲೆ, ಮಾವ ಕ್ಷೌರಕ್ಕೆ. ಕಯಾಕ್ ತಾನೇ ಬಿಚ್ಚಿಕೊಂಡಿತೋ, ಬಿಚ್ಚಿ ಬಿಟ್ಟರೋ? ಗಂಟು ಹಾಕುವುದು ಗೊತ್ತಿಲ್ಲದವರೇ ಇವರು? ಆ ಇನ್ನೊಂದು ಕರಿ ಮೈ ಡಾಕ್ಟರದು, ಮನುಷ್ಯರ ಬಾಯಿ ತೆಗೆಸುವುದೇ ಕಸುಬಾದವರು. ಇಲ್ಲಿ ಒಂದು ಗೇಟು ತೆಗೆಸುವುದು ಎಷ್ಟರ ಮಾತು? ಮೇಲಿನ ಬಂಡೆಯ ಸಂದಿಯಲ್ಲಿ ಫೋನು ಹಿಡಿದು ಇನ್ನೊಬ್ಬ ಅಡಗಿ ಕೂತಿರುತ್ತಾನೆ, ಅವಳು ಓಡಿ ಬಂದು ಬೀಗ ತೆಗೆಯುವುದು ಅದರಲ್ಲಿ ಮೂಡುತ್ತದೆ, ನಗರಸಭೆಯ ಗೋಡೆಯ ಮೇಲೆ ಎಲ್ಲರೂ ನೋಡುತ್ತಾರೆ, ಗೊಳ್ಳೆಂದು ನಗುತ್ತಾರೆ.

'ಅಮ್ಮಾ, ಇನ್ನೂ ಟಾಟಾ ಮಾಡ್ತಾನೇ ಇದ್ದಾನೆ. ನನ್ನ ಕೈ ನೋವು ಬಂತು.'

'ತಾಳು, ಈ ಒಂದು ಅಂಚು ಮುಗಿಸ್ತೀನಿ.'

ಹೇಳಿದ್ದು ಅವಳೇ. ದನಿಯೂ ಎಂದಿನ ದನಿಯೇ, ಊಟಕ್ಕೆ ಕರೆದಾಗ, ಜಡೆ ಹಾಕು ಎಂದಾಗ ಹೇಳುವ ದನಿ. ಸೂಜಿ ಬಟ್ಟೆಯನ್ನು ಕುಟುಕುತ್ತ ನಡೆಯಿತು. ಅಂಚು ಉದ್ದವಿತ್ತು. ಅವಳು ಒಂದು ಹೊಲಿಗೆಯೂ ಸೊಟ್ಟಗಾಗದ ಹಾಗೆ, ಎಂದಿಗಿಂತ ಶ್ರದ್ಧೆಯಿಂದ, ಬಟ್ಟೆಯ ಹೊರತು ಬೇರೇನನ್ನೂ ನೋಡದೆ ಹೊಲಿದಳು. ತುದಿಯಲ್ಲಿ ಹಿಂದೆ ಮುಂದೆ ಓಡಿಸಿ ದಾರ ಭದ್ರ ಮಾಡಿದಳು. ದಾರವನ್ನು ಹಲ್ಲಿನಲ್ಲಿ ಕಡಿದು ಕತ್ತೆತ್ತಿದಾಗ ಬೀಸುತ್ತಿದ್ದ ಕೈ ಬೀಸುತ್ತಿರಲಿಲ್ಲ.

ಎದ್ದಿದ್ದು ಆಗ. ಕೀಲಿ! ಗುಂಡಿಗಳ ಡಬ್ಬಿ ಸುರುವಿದಳು. ಇಲ್ಲ. ದಾರದ ಉಂಡೆಯ ಹೊಟ್ಟೆಯಲ್ಲಿ ಬೆರಳಾಡಿಸಿದಳು. ಚಪ್ಪಲಿ ಕೊಡವಿದಳು. ನಿನ್ನೆ ಎಲ್ಲಿಂದ ಎಲ್ಲಿಗೆ ಸಾಗಿಸಿದೆ? ಅಕ್ಕಿ ಡಬ್ಬ? ದಿಂಬಿನ ಚೀಲ? ಯಾರಿಗೂ ಸಿಗಬಾರದೆಂದು ಬಚ್ಚಿಟ್ಟದ್ದು ಬಚ್ಚಿಟ್ಟವಳಿಗೇ ಸಿಗದೆ, ಅವಳು ಮನೆಯೊಳಗೆ ಕಳ್ಳಿಯ ಹಾಗೆ ತನ್ನ ಸಾಮಾನನ್ನೇ ಚೆಲ್ಲಾಡುತ್ತ ಓಡಾಡಿದಳು.

'ಏನಮ್ಮಾ ಹುಡುಕ್ತಿದ್ದೀಯ? ಗೇಟಿನ ಕೀಲೀನಾ?' ಪುಟ್ಟಿ ಕೇಳಿದಳು. 'ಕನ್ನಡಿ ಹಿಂದೆ ಇದೆಯಲ್ಲ. ಎಲ್ಲಿಟ್ರೂ ತಾತ ದಿನಾ ನೋಡ್ತಾರೆ.'

'ನೋಡಿ?'

'ನೋಡಿ, ಅಲ್ಲೇ ಇಡ್ತಾರೆ.'

ಕನ್ನಡಿಯ ಹಿಂದೆ ಕೀಲಿ ಇತ್ತು. ಅದನ್ನು ತೆಗೆಯುವಾಗ ತನ್ನ ಮುಖ ಎದುರಿಗೇ ಇದ್ದರೂ ಅವಳು ನೋಡಲಿಲ್ಲ. ಮಗುವನ್ನು ಅಡುಗೆಮನೆಯಲ್ಲಿ ಬಿಟ್ಟು ಹೊರಗಿನಿಂದ ಚಿಲಕ ಹಾಕಿದಳು, ಬೀಗ ತೆಗೆದಳು, ತುಕ್ಕು ಹಿಡಿದ ಗೇಟಿಗೆ ಭುಜ ಕೊಟ್ಟು ದೂಡಿದಳು. ಯಾರೂ ಫೋನು ಹಿಡಿದು ಕೂತಿರಲಿಲ್ಲ. ಕಾಲು ತುಳಿಯದೆ ಮೆಟ್ಟಿಲುಗಳ ಮೇಲೆ ಹಸಿರು ಪಾಚಿ ಕಟ್ಟಿತ್ತು. ಅವಳು ಕೂತುಕೊಂಡೇ, ಮಗುವಿನ ಹಾಗೆ ಒಂದೊಂದಾಗಿ ಜಾರಿ ಇಳಿದಳು. ಕೊನೆಯ ಮೆಟ್ಟಿಲಿನಿಂದ ಕೆಳಗಿನ ಚಪ್ಪಡಿಗೆ ಆಳೆತ್ತರ. ಸರಪಳಿಯ ಗೂಟ ಮಾತ್ರ ಉಳಿದಿತ್ತು, ಕತ್ತರಿಸಿದ ಎರಡು ಕೊಂಡಿಗಳ ಸಮೇತ. ಹಗ್ಗ ತರಬೇಕಿತ್ತು ಎಂದುಕೊಂಡು ಕೈ ಚಾಚಿದಾಗ, ಪರದೆ ಇನ್ನೂ ತನ್ನ ಹೆಗಲ ಮೇಲೇ ಇರುವುದು ತಿಳಿಯಿತು. ಏಳುವಾಗ ತೊಡೆಯಿಂದ ಎತ್ತಿ ಹೆಗಲಿಗೆ ಹಾಕಿಕೊಂಡದ್ದು ಹಾಗೇ ಉಳಿದಿತ್ತು. ಗೂಟಕ್ಕೆ ಒಂದು ಸುತ್ತು ಹಾಕಿ ಕೆಳಗೆ ಬಿಟ್ಟಳು. ಡ್ರೈವರು ಹೇಗೋ ಡಾಕ್ಟರನ್ನು ಚಪ್ಪಡಿಯ ಮೇಲಕ್ಕೆ ಎಳೆದು ತಂದಿದ್ದ. ಅದಕ್ಕೇ ಕೈ ನಿಂತಿದ್ದು. ಅವನು ಕತ್ತೆತ್ತಿ ಅವಳನ್ನು ನೋಡಿ, 'ಅಂತೂ ಬಂದ್ರಿ ತಾಯಿ' ಅಂದ.

ಅಂತೂ. ಆ ಒಂದು ಪದವನ್ನು ಅವಳು ಡಾಕ್ಟರ ಭಾರವನ್ನು ಎಳೆಯುವಷ್ಟು ಹೊತ್ತೂ ಜಗಿದಳು. ಸದ್ಯ ಬಂದಿರಲ್ಲ ಎಂದೇ? ಇಷ್ಟು ಹೊತ್ತಾದ ಮೇಲೆ ಬಂದಿರಾ ಎಂದೇ? ಕೆಳಗಿನಿಂದ ಅವನು ನೂಕುತ್ತಿದ್ದ, ಮೇಲಿನಿಂದ ಅವಳು ಜಗ್ಗುತ್ತಿದ್ದಳು. ಬಟ್ಟೆ ಬಿಗಿಯಾಗಿ ನಿಂತಿತು, ಹರಿಯಲಿಲ್ಲ. ಅಂಚು ಮುಗಿಸಿದ್ದೇ ಒಳ್ಳೆಯದಾಯಿತು, ಇಲ್ಲದಿದ್ದರೆ ಎಳೆ ಬಿಟ್ಟು ಹರಿಯುತ್ತಿತ್ತು ಎಂದು ಒಂದು ಯೋಚನೆ ಬಂತು. ಎಂಥ ಯೋಚನೆ! ಅದು ತನ್ನೊಳಗಿನಿಂದಲೇ ಹುಟ್ಟಿದ್ದು, ಅಷ್ಟು ಬೇಗ, ಅಷ್ಟು ಸಲೀಸಾಗಿ ಹುಟ್ಟಿದ್ದು ಕಂಡು ಅವಳಿಗೆ ಪಾಚಿಗಿಂತ ಹೆಚ್ಚು ಭಯವಾಯಿತು.

ಡಾಕ್ಟರ ಪಾದದ ಗೆಣ್ಣು ಊದಿ ರಬ್ಬರಿನ ಬೂಟಿನ ಮೇಲೆ ಉಕ್ಕಿ ಬಂದಿತ್ತು. ಅಲೆ ಎತ್ತಿ ಬಂಡೆಗೆ ಬಡಿದಿತ್ತಂತೆ. ಅಡುಗೆಮನೆಯ ಕುರ್ಚಿಯಲ್ಲಿ, ಅವಳ ಹಾಸಿಗೆಯ ಹೊದಿಕೆಯನ್ನು ಹೊದ್ದು ಕೂತಾಗ ಅವರ ಹಲ್ಲುಗಳು ಕಟಕಟ ಕಡಿಯುತ್ತಿದ್ದವು, ಎಷ್ಟು ಕಚ್ಚಿ ಹಿಡಿದರೂ ನಿಲ್ಲುತ್ತಿರಲಿಲ್ಲ. ಅವಳು ಒಂದು ಕ್ಷಣ ಆ ಬಾಯಿಯನ್ನೇ ನೋಡಿದಳು. ನಡುಕವನ್ನು ನಟಿಸಬಹುದು, ಆದರೆ ಉಗುರಿನ ಕೆಳಗಿನ ನೀಲಿಯನ್ನು? ಬಿಸಿ ಹಾಲಿನ ಲೋಟ ಅವರ ಕೈಯಲ್ಲಿ ನಿಲ್ಲಲಿಲ್ಲ. ಅವಳೇ ಬಾಯಿಗೆ ಹಿಡಿದಳು. 'ಸ್ವಲ್ಪ ಬಾಯಿ ತೆಗೀರಿ' ಎಂದು ತಾನೇ ಅಂದದ್ದು ಕೇಳಿಸಿ ಕಿವಿ ಬಿಸಿಯಾಯಿತು. ಡ್ರೈವರು ನೆಲದ ಮೇಲೆ ನೀರು ಬಸಿಯುತ್ತ ಕೂತು ಅವಳ ಫೋನಿನಿಂದ ಟ್ಯಾಕ್ಸಿಗೆ ಕರೆ ಮಾಡಿದ. ಪುಟ್ಟಿ ಅವನ ಎದುರು ಕುಕ್ಕರುಗಾಲಿನಲ್ಲಿ ಕೂತು ಅವನನ್ನೇ ನೋಡುತ್ತಿದ್ದಳು.

'ಬಸ್ ಮಾಮ, ನೀನು ಟಾಟಾ ಮಾಡಿದ್ಯಲ್ಲ, ನಾನೂ ಮಾಡ್ದೆ. ನೋಡಿದ್ಯಾ?'

'ನೋಡ್ದೆ ಕಂದ. ಎರಡು ಕೈ.'

'ತುಂಬಾ ಹೊತ್ತು ಮಾಡ್ದೆ. ಅಮ್ಮಂಗೆ ಹೇಳ್ದೆ. ಅಮ್ಮ, ತಾಳು ಅಂಚು ಮುಗಿಸ್ತೀನಿ ಅಂದ್ಲು. ಅದು ಉದ್ದ ಇತ್ತು.'

ಒಲೆಯ ಮೇಲೆ ನೀರು ಕುದಿಯುವ ಸದ್ದು ದೊಡ್ಡದಾಯಿತು. ಅವಳು ಲೋಟವನ್ನು ತೊಳೆಯಲು ತಿರುಗಿದಳು, ತೊಳೆದ ಲೋಟವನ್ನೇ ಮತ್ತೆ ತೊಳೆದಳು. ಬೆನ್ನಿನ ಮೇಲೆ ಇಬ್ಬರ ಕಣ್ಣೂ ಇದ್ದವೋ ಇಲ್ಲವೋ, ತಿರುಗದೆ ತಿಳಿಯುವ ಹಾಗಿರಲಿಲ್ಲ. ಡ್ರೈವರೇ ಮಾತು ತೆಗೆದ. 'ಪರವಾಗಿಲ್ಲ ಕಂದ. ನಿಮ್ಮಮ್ಮನಿಗೆ ಕಾದು ನಂಗೆ ಅಭ್ಯಾಸ. ಬಸ್ಸಿನಲ್ಲಿದ್ದೋರು ಬೈತಾರೆ, ಮೀನು ಪಾಪ ಬೈಯೋಲ್ಲ.' ಅವನೊಬ್ಬನೇ ನಕ್ಕ, ನಗು ಕೆಮ್ಮಾಯಿತು. ಆ ನಗುವಿನಲ್ಲಿ ಅವಳು ಹುಡುಕಿದಳು, ಅಡಿಯ ತನಕ ಕೈ ಹಾಕಿ ಹುಡುಕಿದಳು, ಏನೂ ಸಿಗಲಿಲ್ಲ. ಸಿಕ್ಕಿದ್ದರೆ ಹಗುರವಾಗುತ್ತಿತ್ತು.

ಮಾವ ಬಂದಾಗ ಅವರ ತಲೆ ನಿಜವಾಗಿಯೂ ನುಣ್ಣಗಾಗಿತ್ತು, ಕಿವಿಯ ಹಿಂದೆ ಪೌಡರು ಮೆತ್ತಿತ್ತು. ಒದ್ದೆ ನೆಲ, ಹೊದಿಕೆ, ಊದಿದ ಕಾಲು, ತೆರೆದ ಹಿಂಬಾಗಿಲು, ಅದರಾಚೆ ಹಾರುಹೊಡೆದ ಗೇಟು ಎಲ್ಲವನ್ನೂ ಒಂದು ಸುತ್ತು ನೋಡಿ, ಅವರು ಎಲ್ಲರನ್ನೂ ಬಿಟ್ಟು ಪುಟ್ಟಿಯನ್ನು ಕೇಳಿದರು, 'ಪುಟ್ಟಿ, ಗೇಟು ಯಾರು ತೆಗೆದ್ರು ಅಂತ ಕೇಳು.'

ಪುಟ್ಟಿ ಬಾಯಿ ತೆರೆಯುವ ಮೊದಲೇ ಡಾಕ್ಟರು ಹೇಳಿದರು, 'ಯಾರೂ ತೆಗೀಲಿಲ್ಲ ಯಜಮಾನ್ರೆ. ನಾವೇ ಗೋಡೆ ಹಾರಿ ಬಂದ್ವಿ. ಬೀಗ ಬಡಿದು ಬಿಚ್ಚಿದ್ವಿ.' ಮಾವ ಆ ಊದಿದ ಕಾಲನ್ನು ನೋಡಿದರು. ಡಾಕ್ಟರು ಈಗ ಅವಳ ಕಡೆ ತಿರುಗಿ, ದನಿ ತಗ್ಗಿಸಿ, ಕಡಿಯುವ ಹಲ್ಲುಗಳ ನಡುವೆ ಒಂದೊಂದೇ ಪದ ತೂರಿಸುತ್ತ ಹೇಳಿದರು, 'ಸೋಮವಾರಾನೂ ಅಷ್ಟೇ ಹೇಳ್ತೀವಿ. ನೀವು ತೆಗೀಲಿಲ್ಲ. ನೀವು ನಮ್ಮನ್ನ ನೋಡಿಯೇ ಇಲ್ಲ. ಬೇರೆ ಯಾವ ವಿಷಯಾನೂ ಅಲ್ಲಿ ಬರೋಲ್ಲ. ಯೋಚ್ನೆ ಮಾಡ್ಬೇಡಿ.'

ಬೇರೆ ಯಾವ ವಿಷಯ? ಉದ್ದದ ಅಂಚಿನ ವಿಷಯ. ಅವಳ ಮನಸ್ಸು ತನ್ನ ಹಳೆಯ ಕೆಲಸಕ್ಕೆ ಕೂಡಲೇ ಕೂತುಬಿಟ್ಟಿತು: ಇದು ಉಪಕಾರವೋ, ಕೊಕ್ಕೆಯೋ? ನಿಮ್ಮ ಗುಟ್ಟು ನಮ್ಮ ಬಾಯಲ್ಲಿದೆ ಎಂದು ಹೇಳುವ ರೀತಿಯೋ? ಗೆದ್ದರೂ ಆ ಗೆಲುವಿನ ಕೀಲಿ ಇವರ ಹತ್ತಿರ. ಓಣಿಯಲ್ಲಿ ಎದುರಾದಾಗಲೆಲ್ಲ ತಲೆ ತಗ್ಗಿಸಬೇಕು, ಬಸ್ಸು ಕಾದಾಗಲೆಲ್ಲ ಹತ್ತುವುದೋ ಬೇಡವೋ ಎನ್ನಬೇಕು. ಅಥವಾ ಏನೂ ಇಲ್ಲವೇನೋ. ಬದುಕಿ ಬಂದ ಮನುಷ್ಯ ಕೈಲಾದ್ದನ್ನು ಕೊಡುತ್ತಿದ್ದಾನೆ, ಅಷ್ಟೇ ಏನೋ. ಅವಳಿಗೆ ಇದ್ದಕ್ಕಿದ್ದಂತೆ ತುಂಬ ದಣಿವಾಯಿತು. ಮಕ್ಕಳ ತಲೆಯ ಸಿಕ್ಕು ಬಿಡಿಸುತ್ತ ಬಿಡಿಸುತ್ತ, ಇನ್ನು ಸಾಕು ಎಂದು ಕತ್ತರಿ ತೆಗೆದುಕೊಳ್ಳುವ ಹೊತ್ತಿನ ದಣಿವು.

'ಹಾಗೆ ಹೇಳ್ಬೇಡಿ' ಅಂದಳು. 'ನಾನೇ ತೆಗೆದೆ ಅಂತ ಹೇಳಿ.'

'ಅಲ್ಲಮ್ಮ, ಹಾಗೆ ಹೇಳಿದ್ರೆ ನಿಮ್ಮ ವಕೀಲರು...'

'ತೆಗೆದೆ ಅಂತ ಹೇಳಿ. ತಡವಾಗಿ ತೆಗೆದೆ ಅಂತಾನೂ ಹೇಳಿ. ನೋಡಿದ್ದೆ, ಗೊತ್ತಿತ್ತು, ಕೂತಿದ್ದೆ. ನೀವು ಹೇಳದಿದ್ರೆ ನಾನೇ ಹೇಳ್ತೀನಿ.'

ಪುಟ್ಟಿ ಇದನ್ನು ತಾತನಿಗೆ ಮುಟ್ಟಿಸಬೇಕೋ ಬೇಡವೋ ತಿಳಿಯದೆ ಇಬ್ಬರ ಮುಖವನ್ನೂ ನೋಡಿದಳು. ಮಾವ ಮೂಲೆಯಲ್ಲಿದ್ದ ಒರೆಸುವ ಬಟ್ಟೆ ತೆಗೆದುಕೊಂಡು ಮಂಡಿಯೂರಿ, ನೆಲದ ನೀರನ್ನು ಒತ್ತಿ ಒತ್ತಿ ಹೀರಿಸತೊಡಗಿದರು. ಹೊರಗೆ ಟ್ಯಾಕ್ಸಿಯ ಹಾರ್ನು ಕೇಳಿಸಿತು. ಡ್ರೈವರು ಎದ್ದು ಡಾಕ್ಟರ ತೋಳನ್ನು ತನ್ನ ಹೆಗಲ ಮೇಲೆ ಹಾಕಿಕೊಂಡ. ಡಾಕ್ಟರು ಒಂಟಿ ಕಾಲಿನಲ್ಲಿ ನಿಂತು ಅವಳನ್ನು ನೋಡಿದರು. ಹುಬ್ಬಿನ ನಡುವೆ ಸಣ್ಣದೊಂದು ಗೆರೆ ಎದ್ದಿತು. ಕಣ್ಣು ಸ್ವಲ್ಪ ಕಿರಿದಾಗಿ, ಅವಳ ಮುಖದ ಮೇಲೆ ನಿಂತು, ಅಲ್ಲಿಂದ ತೆರೆದ ಗೇಟಿಗೆ ಹೋಗಿ, ನೆಲ ಒರೆಸುವ ಮುದುಕನ ಮೇಲೆ ಹಾದು ಮತ್ತೆ ಅವಳ ಮುಖಕ್ಕೇ ಬಂತು. ಇವಳು ಯಾಕೆ ಹೀಗೆ ಹೇಳುತ್ತಿದ್ದಾಳೆ? ಇದರಲ್ಲಿ ಏನಿಟ್ಟಿದ್ದಾಳೆ? ಯಾರು ಹೇಳಿಕೊಟ್ಟದ್ದು? ಅವಳಿಗೆ ಆ ನೋಟದ ಒಂದೊಂದು ಎಳೆಯೂ ಗೊತ್ತಿತ್ತು. ಅದನ್ನು ಎದುರಿನಿಂದ ನೋಡಿದ್ದು ಮಾತ್ರ ಇದೇ ಮೊದಲು.

ಏನೂ ಇಲ್ಲ ಡಾಕ್ಟ್ರೇ, ನಿಜವಾಗ್ಲೂ ಏನೂ ಇಲ್ಲ ಎಂದು ಹೇಳಲು ಅವಳ ನಾಲಿಗೆ ತುದಿಗೆ ಬಂತು. ಏನೋ ಇಟ್ಟುಕೊಂಡವರು ಹೇಳುವುದೂ ಅದನ್ನೇ. ಡಾಕ್ಟರು ಕುಂಟುತ್ತ ಮುಂಬಾಗಿಲ ತನಕ ಹೋದರು, ಹೊಸ್ತಿಲಲ್ಲಿ ನಿಂತು ಒಮ್ಮೆ ತಿರುಗಿ ನೋಡಿದರು, ಟ್ಯಾಕ್ಸಿಯ ಬಾಗಿಲಲ್ಲಿ ಇನ್ನೊಮ್ಮೆ. ಅವಳು ಒಳಗೆ ಸರಿಯದೆ, ಮುಖ ತಿರುಗಿಸದೆ, ಅವರಿಗೆ ನೋಡುವಷ್ಟು ನೋಡಲು ಬಿಟ್ಟು ಬಾಗಿಲಲ್ಲೇ ನಿಂತಳು.